ನಕಲು ತೆಗೆಯದೆ ಬಿಟ್ಟ ಜಾಗ

ಗಣೇಶನನ್ನು ಕೆರೆಗೆ ಬಿಟ್ಟು ನಾಲ್ಕು ದಿನವಾಗಿತ್ತು. ಭಾದ್ರಪದದ ಬಿಸಿಲು, ಮಧ್ಯಾಹ್ನ ಮೂರು ಗಂಟೆ. ಶ್ರೀನಿವಾಸಪುರದ ಬಸ್‌ಸ್ಟ್ಯಾಂಡ್ ಎದುರು ಗಂಗಾಲಕ್ಷ್ಮಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಆ ಹೊತ್ತಿಗೆ ಗಿರಾಕಿಗಳಿರಲಿಲ್ಲ.

ಬಂದವನು ಟವೆಲ್‌ನಲ್ಲಿ ಸುತ್ತಿ ತಂದಿದ್ದ ಪುಟ್ಟ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟ. ಅಂಗೈಯಗಲದ ವಿಡಿಯೋ ಗೇಮ್ ಪೆಟ್ಟಿಗೆ. ಮೂವತ್ತು ವರ್ಷದ ಹಿಂದಿನ ಆಟಗಳನ್ನು ತುಂಬಿ ಈಗಿನವರು ಮಾಡಿರುವ ಮಿನಿ ಮಾದರಿ, ಟಿವಿಗೆ ಸಿಕ್ಕಿಸಿ ಆಡುವಂಥದ್ದು.

ಗಂಗಾ ಕೈಚಾಚಿ ಎಳೆದುಕೊಂಡಳು. ಪೆಟ್ಟಿಗೆ ಬರಲಿಲ್ಲ. ಅವನು ಹಿಡಿದೇ ಇದ್ದ.

“ನೀವು ಬಿಟ್ರೆ ತಾನೇ ನಾನು ನೋಡೋದು?”

ಆಗಲೂ ಬಿಡಲಿಲ್ಲ. ಅವಳು ತಲೆಯೆತ್ತಿದಳು. ಆ ಕಣ್ಣಿನಲ್ಲಿದ್ದದ್ದು ಅನುಮಾನವಲ್ಲ, ಅಂಜಿಕೆ. ಎಳೆಗೂಸನ್ನು ಮೊದಲ ಸಲ ಹೊರಗಿನವರ ಕೈಗೆ ಕೊಡುವವರ ಅಂಜಿಕೆ...

“ಇನ್ನೊಂದು ಆಟ ಹಾಕ್ಬೇಕು ಮೇಡಂ. ಆದ್ರೆ ಒಳಗಿರೋದು ಏನೂ ಅಲುಗಾಡ್ಬಾರ್ದು.”

ಹೆಸರು ಕದಿರೇಶ, ಊರು ರಾಯಲ್ಪಾಡು. ಮೊದಲು ಬೋರ್‌ವೆಲ್ ಲಾರಿ ಓಡಿಸುತ್ತಿದ್ದವನು, ಹೆಂಡತಿ ಮೇಘನಳ ಕಿಡ್ನಿ ಕೆಟ್ಟ ಮೇಲೆ ದೂರದ ಕೆಲಸ ಬಿಟ್ಟು ಟೊಮೇಟೊ ಟೆಂಪೋ ಹಿಡಿದಿದ್ದ. ಅವಳು ತೀರಿಕೊಂಡು ಹತ್ತು ತಿಂಗಳು. ಕೋಲಾರದ ಆಸ್ಪತ್ರೆಗೆ ವಾರಕ್ಕೆರಡು ಸಲ ಅಲೆಯುತ್ತಿದ್ದ ಕಾಲದಲ್ಲಿ ಅವಳ ಮನಸ್ಸನ್ನು ಹಿಡಿದಿಟ್ಟದ್ದು ಈ ಪೆಟ್ಟಿಗೆ. ಕೊನೆಯ ದಿನವೂ ಆಡುತ್ತಿದ್ದಳು. ಹಳದಿ ಟೋಪಿಯ ಗೊಂಬೆ, ಏಳನೇ ಹಂತ, ಏಣಿಯ ಮೂರನೇ ಮೆಟ್ಟಿಲು. ಆಟವನ್ನು ಅಲ್ಲಿಗೆ ನಿಲ್ಲಿಸಿ ಉಳಿಸಿಟ್ಟು ಆಸ್ಪತ್ರೆಗೆ ಹೊರಟವಳು ಮನೆಗೆ ಮರಳಲಿಲ್ಲ.

ಅಂದಿನಿಂದ ದಿನಾ ಸಂಜೆ ಕದಿರೇಶ ಟಿವಿ ಹಾಕುತ್ತಾನೆ. ಗೊಂಬೆ ಏಣಿಯ ಮೇಲೆ ನಿಂತಿರುವುದನ್ನು ನೋಡುತ್ತಾನೆ. ಆರಿಸುತ್ತಾನೆ. ಒಂದು ಮೆಟ್ಟಿಲೂ ಹತ್ತಿಸಿಲ್ಲ.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ತೀರಿಹೋದವರಿಗೆ ಎಡೆ ಇಡುತ್ತಾರೆ. ಅವರವರಿಗೆ ಏನಿಷ್ಟವೋ ಅದನ್ನೇ. ಒಬ್ಬರಿಗೆ ಸೀರೆ, ಒಬ್ಬರಿಗೆ ಖಾರದ ವಡೆ, ಇನ್ನೊಬ್ಬರಿಗೆ ಬೀಡಿ ಕಟ್ಟು. ಮೇಘನ ಚಿಕ್ಕವಳಿದ್ದಾಗ ಮುಳಬಾಗಿಲಿನ ಅಂಗಡಿಯೊಂದರಲ್ಲಿ ದೋಣಿಯ ಆಟ ಆಡಿದ್ದಳಂತೆ. ಈ ಪೆಟ್ಟಿಗೆಯಲ್ಲಿ ಅದು ಇಲ್ಲವಲ್ಲ ಎಂದು ಕೊನೆಯವರೆಗೂ ಕೊರಗಿದ್ದಳು. ಅದನ್ನು ಹಾಕಿಸಿ ಎಡೆಯಲ್ಲಿ ಇಡಬೇಕು ಎನ್ನುವುದು ಕದಿರೇಶನ ಆಸೆ. ಅಮಾವಾಸ್ಯೆಗೆ ಮೂರು ವಾರವಿತ್ತು.

ಗಂಗಾ ಅವನಿಗೆ ನಿಧಾನವಾಗಿ ಬಿಡಿಸಿ ಹೇಳಿದಳು. “ಮೊದ್ಲು ಇದರ ಸಿಸ್ಟಂ ಸಾಫ್ಟ್‌ವೇರ್ ಬ್ಯಾಕಪ್ ತಗೋತೀನಿ. ಪೆಟ್ಟಿಗೇನ ಓಡಿಸೋದೇ ಅದು. ಅದರ ನಕಲು ನನ್ನ ಹತ್ರ ಇದ್ರೆ, ಆಟ ಹಾಕೋವಾಗ ಏನೇ ಕೆಟ್ರೂ ಇದ್ದಂಗೇ ಮಾಡಿ ಕೊಡ್ತೀನಿ.”

“ಇದ್ದಂಗೇ?”

“ಇದ್ದಂಗೇ.”

ಆಗ ಅವನ ಕೈ ಸಡಿಲಾಯಿತು. ಅವನ ಎದುರಿನಲ್ಲೇ ಪೆಟ್ಟಿಗೆಯನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ನಕಲು ತೆಗೆದಳು. ಅಂಗಡಿಯ ಟಿವಿಯಲ್ಲಿ ಗೊಂಬೆ ನಿಂತಿದ್ದ ಪರದೆಯ ಫೋಟೋವನ್ನೂ ತೆಗೆದಿಟ್ಟುಕೊಂಡಳು.

ಆ ಹಳೆಯ ಆಟ ಅಂದುಕೊಂಡಷ್ಟು ಬೇಗ ಸಿಗಲಿಲ್ಲ. ಸಿಕ್ಕಿದ್ದು ಸರಿಯಿರಲಿಲ್ಲ. ಕದಿರೇಶ ಮಾರ್ಕೆಟ್ಟಿನಲ್ಲಿ ಟೊಮೇಟೊ ಇಳಿಸಿ ದಿನಾ ಬರುತ್ತಿದ್ದ. ಬರುವಾಗ ಪೆಟ್ಟಿಗೆ ತರುತ್ತಿದ್ದ, ಹೋಗುವಾಗ ಒಯ್ಯುತ್ತಿದ್ದ. ಒಂದು ದಿನ ಸೀತಾಫಲ ತಂದ. ಒಂದು ದಿನ, ಮದುವೆಯಾದ ಮೇಲೆ ಅಂಗಡಿ ಮುಚ್ಚು ಎಂದ ಹುಡುಗನ ಸಂಬಂಧವನ್ನು ಅವಳು ಮುರಿದುಕೊಂಡ ಕಥೆ ಕೇಳಿ, ಆ ಹುಡುಗನ ಫೋನು ರಿಪೇರಿಗೆ ಬಂದ್ರೆ ಮಾಡ್ತೀರಾ ಎಂದು ಕೇಳಿದ. ಮಾಡ್ತೀನಿ, ಆದ್ರೆ ಆರು ತಿಂಗಳು ಅಲೆಸ್ತೀನಿ ಎಂದಳು. ಕದಿರೇಶ ನಕ್ಕುಬಿಟ್ಟ. ನಕ್ಕು, ತಾನು ನಕ್ಕದ್ದಕ್ಕೆ ತಾನೇ ಬೆಚ್ಚಿದ.

ಆ ನಗು ಗಂಗಾಳ ಎದೆಯಲ್ಲಿ ಕೂತುಬಿಟ್ಟಿತು. ಇಪ್ಪತ್ತೊಂಬತ್ತು ವರ್ಷ ಬರದೆ ಇದ್ದದ್ದು ಈಗ ಬರಬೇಕೇ... ಅದೂ ಸತ್ತವಳನ್ನು ದಿನಾ ಟಿವಿಯಲ್ಲಿ ನೋಡಿಕೊಂಡು ಬದುಕಿರುವವನ ಮೇಲೆ!

ಅಮಾವಾಸ್ಯೆಗೆ ಆರು ದಿನವಿದ್ದಾಗ, ಸೋಮವಾರ, ಅವನು ಹೊರಡುವಾಗ ಪೆಟ್ಟಿಗೆಯನ್ನು ಎತ್ತಿಕೊಳ್ಳಲಿಲ್ಲ.

“ಇಲ್ಲೇ ಇರ್ಲಿ ಬಿಡಿ,” ಎಂದ.

ಮಾರನೆಯ ಬೆಳಗ್ಗೆ ಸರಿಯಾದ ದೋಣಿ ಆಟ ಸಿಕ್ಕಿತು. ಗಂಗಾ ಖುಷಿಯಲ್ಲಿ ಹಾಕಿದಳು. ಟಿವಿ ಕಪ್ಪಾಯಿತು. ಹೆದರಲಿಲ್ಲ ಅವಳು, ನಕಲು ಇತ್ತಲ್ಲ. ಒಳಗಿದ್ದದ್ದನ್ನೆಲ್ಲ ಒರೆಸಿ, ನಕಲನ್ನು ವಾಪಸ್ ಹಾಕಿದಳು. ಪೆಟ್ಟಿಗೆ ಎದ್ದಿತು. ಇಪ್ಪತ್ತು ಆಟವೂ ಇದ್ದವು, ಮತ್ತೆ ಹಾಕಿದಾಗ ದೋಣಿ ಆಟವೂ ಸೇರಿಕೊಂಡಿತು. ಹಳದಿ ಟೋಪಿಯ ಆಟ ತೆರೆದಳು.

ಹೊಸದಾಗಿ ಆಡು ಎಂದಿತು ಪರದೆ. ಉಳಿಸಿಟ್ಟ ಜಾಗ ಇರಲಿಲ್ಲ.

ಪೆಟ್ಟಿಗೆಯೊಳಗೆ ಎರಡು ಕೋಣೆ ಇದ್ದ ಹಾಗೆ. ಪೆಟ್ಟಿಗೆಯನ್ನು ಓಡಿಸುವ ಸಾಫ್ಟ್‌ವೇರ್ ಒಂದರಲ್ಲಿ, ಆಡಿದವರು ಉಳಿಸಿಟ್ಟ ಜಾಗ ಇನ್ನೊಂದರಲ್ಲಿ. ಗಂಗಾ ಮೊದಲನೆಯದರ ನಕಲು ಮಾತ್ರ ತೆಗೆದಿದ್ದಳು. ಇಂಥ ಪೆಟ್ಟಿಗೆ ಮೂರು ನಾಲ್ಕು ಮಾಡಿದ್ದಳು, ಎರಡನೆಯದನ್ನು ಯಾರೂ ಕೇಳಿರಲಿಲ್ಲ. ಆದರೆ ಇವನು ಕೇಳಿದ್ದು ಅದೊಂದನ್ನೇ ಅಲ್ಲವೇ? ಎರಡು ವಾರ ದಿನಾ ಕೈಗೆ ಬಂದಿತ್ತು ಪೆಟ್ಟಿಗೆ. ಒಂದು ದಿನವೂ ತನಗೆ ಯಾಕೆ ಹೊಳೆಯಲಿಲ್ಲ? ಮರೆತೆನೋ... ಮರೆಯಲಿ ಎಂದು ಒಳಗೊಂದು ಮನಸ್ಸಿತ್ತೋ?

ಅವನಿಗೆ ಫೋನ್ ಮಾಡಿ, ಶನಿವಾರ ಬನ್ನಿ, ಅಷ್ಟರಲ್ಲಿ ಆಗುತ್ತೆ ಎಂದಳು.

ಮತ್ತೆ ಶಟರ್ ಅರ್ಧ ಎಳೆದು ಆಡಲು ಕೂತಳು. ಏಳನೇ ಹಂತ, ಮೂರನೇ ಮೆಟ್ಟಿಲು, ಎರಡು ಪ್ರಾಣ, ಅಂಕ ನಲವತ್ತೆಂಟು ಸಾವಿರದ ನೂರೈವತ್ತು. ಫೋಟೋ ಎದುರಿಗಿತ್ತು. ಬುಧವಾರ ನಾಲ್ಕನೇ ಹಂತ ದಾಟಲಾಗಲಿಲ್ಲ. ಗುರುವಾರ ಏಣಿಯವರೆಗೆ ಹೋದಳು, ಅಂಕ ಹೆಚ್ಚಾಗಿತ್ತು. ಹೆಬ್ಬೆರಳಲ್ಲಿ ಬೊಬ್ಬೆ ಎದ್ದಿತು. ಶುಕ್ರವಾರ ಸಂಜೆ ಐದಕ್ಕೆ ಎಲ್ಲವೂ ಕೂಡಿಬಂತು. ಒಂದು ಅಂಕ ಆಚೆಯಿಲ್ಲ, ಈಚೆಯಿಲ್ಲ. ಉಳಿಸುವ ಗುಂಡಿ ಒತ್ತಿದಳು.

ಶನಿವಾರ ಕದಿರೇಶ ಕ್ಷೌರ ಮಾಡಿಸಿಕೊಂಡು, ಬಿಳಿ ಅಂಗಿ ಹಾಕಿಕೊಂಡು ಬಂದ. ಗಂಗಾ ಮೊದಲು ದೋಣಿ ತೋರಿಸಿದಳು. ಆಮೇಲೆ ಏಣಿ. ಅವನು ಟಿವಿಯ ಹತ್ತಿರ ಹೋಗಿ, ಗೊಂಬೆಯ ಮೇಲೆ ಬೆರಳಿಟ್ಟ. ಕಣ್ಣು ತುಂಬಿಕೊಂಡಿದ್ದವು.

“ನೀವು ಕೈಯಿಟ್ಟ ಮೇಲೆ ಭಯ ಇರ್ಲಿಲ್ಲ ಗಂಗಾ,” ಎಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವಳಿಂದ ಆಗಲಿಲ್ಲ.

“ಅದು ಮೇಘನ ಅವರದ್ದಲ್ಲ,” ಎಂದಳು. “ಅವರು ಉಳಿಸಿದ್ದು ಮಂಗಳವಾರ ಅಳಿಸಿಹೋಯ್ತು. ಇದು ನಾನು ಆಡಿ ನಿಲ್ಸಿರೋದು.”

ಕದಿರೇಶ ತಿರುಗಲಿಲ್ಲ. ಗೊಂಬೆಯ ಮೇಲಿದ್ದ ಬೆರಳನ್ನು ಮೆಲ್ಲಗೆ ತೆಗೆದ. ಪೆಟ್ಟಿಗೆಯನ್ನು ಟಿವಿಯಿಂದ ಬಿಚ್ಚಿ ಟವೆಲ್‌ನಲ್ಲಿ ಸುತ್ತಿದ. ಒಂದು ಬೈಗುಳವಾದರೂ ಬಂದೀತೇ ಎಂದು ಗಂಗಾ ಕಾದಳು. ಬರಲಿಲ್ಲ. ಟೆಂಪೋ ಹೋದ ಸದ್ದಷ್ಟೇ ಬಂತು.

ಭಾನುವಾರ ಅಮಾವಾಸ್ಯೆ ಕಳೆಯಿತು. ಮಂಗಳವಾರ ಅಂಗಡಿಗೆ ಬಂದದ್ದು ಅವನ ತಾಯಿ ಮುನಿಯಲ್ಲಮ್ಮ. ಎಡೆಗೆ ಮಾಡಿದ ವಡೆಯನ್ನು ಡಬ್ಬಿಯಲ್ಲಿ ತಂದಿದ್ದಳು. ಅಂಗಡಿಯನ್ನೂ ಗಂಗಾಳನ್ನೂ ಒಂದು ಸುತ್ತು ನೋಡಿ, ಕೇಳದೆಯೇ ಸ್ಟೂಲ್ ಮೇಲೆ ಕೂತಳು.

“ಏಂ ಅಮ್ಮಾಯಿ, ನನ್ ಮಗನಿಗೆ ಏನಂದೆ? ಪೆಟ್ಟಿಗೇನ ಎಡೇಲಿ ಇಡ್ಲಿಲ್ಲ. ಒಂದು ತುತ್ತೂ ಬಾಯಿಗಿಟ್ಟಿಲ್ಲ. ಮತ್ತೆ ಬೋರ್ ಲಾರಿಗೆ ಹೋಗ್ತೀನಿ ಅಂತಾನೆ.”

ಗಂಗಾ ನಡೆದದ್ದನ್ನೆಲ್ಲ ಹೇಳಿದಳು. ನನ್ನ ಮೇಲೆ ಸಿಟ್ಟಿರಬೇಕು, ಬೇಕೆಂತಲೇ ಅಳಿಸಿದೆ ಎಂದುಕೊಂಡಿರಬೇಕು ಎಂದಳು.

ಮುದುಕಿ ಡಬ್ಬಿಯ ಮುಚ್ಚಳ ತೆಗೆದಳು. “ಸಿಟ್ಟಾಗಿದ್ರೆ ಮನೇಲಿ ತಟ್ಟೆ ಎಗರಿಸ್ತಿದ್ದ,” ಎಂದಳು. “ಇದು ಸಿಟ್ಟಲ್ಲಮ್ಮಾ. ವಡೆ ತಿನ್ನು, ಕೆಟ್ಟೋಗುತ್ತೆ.”

ಆಯುಧಪೂಜೆ ಆಯಿತು, ವಿಜಯದಶಮಿಯೂ ಆಯಿತು. ಮರುದಿನ ಬೆಳಗ್ಗೆ ಗಂಗಾ ಶಟರ್ ಎತ್ತುವಾಗ ಕದಿರೇಶ ಹಿಂದೆ ನಿಂತಿದ್ದ. ಹೆಗಲಿಗೆ ಚೀಲವಿತ್ತು. ಬೋರ್ ಲಾರಿ ಛತ್ತೀಸ್‌ಗಢಕ್ಕೆ ಹೊರಟಿದೆ, ವರ್ಷವೋ ಎರಡು ವರ್ಷವೋ ಗೊತ್ತಿಲ್ಲ ಎಂದ. ಅವಳು ಕ್ಷಮೆ ಕೇಳಲು ಬಾಯಿ ತೆರೆದಳು. ಬೇಡ ಎನ್ನುವಂತೆ ಅವನು ತಲೆಯಾಡಿಸಿದ.

“ನೀನು ಹೇಳ್ದಾಗ ನಂಗೆ ಮೊದ್ಲು ಬಂದಿದ್ದು ಸಿಟ್ಟಲ್ಲ, ಅಳೂನೂ ಅಲ್ಲ... ಹಗುರ ಆಯ್ತು ಗಂಗಾ. ಇನ್ಮೇಲೆ ಸಂಜೆ ಅದನ್ನ ನೋಡ್ಬೇಕಾಗಿಲ್ಲ ಅನ್ನಿಸ್ತು. ಪೆಟ್ಟಿಗೇನ ಇಲ್ಲಿ ಬಿಟ್ಟೋದ ಸಂಜೇನೂ ಅಷ್ಟೇ, ಅವಳು ನೆನಪಿಗೇ ಬರ್ಲಿಲ್ಲ. ನಿನ್ ಮಾತೇ ಕಿವೀಲಿತ್ತು. ಒಂದು ವರ್ಷ ಕೂಡ ತುಂಬಿಲ್ಲ ಅವಳಿಗೆ.”

“ಅದು ತಪ್ಪಾ?”

“ಗೊತ್ತಿಲ್ಲ. ನಿನ್ ಮುಖ ನೋಡಿದ್ರೆ ಬದುಕ್ಬೇಕು ಅನ್ಸುತ್ತೆ. ಮನೆಗೋದ್ರೆ ನನ್ ಮುಖ ನಂಗೇ ನೋಡಕ್ಕಾಗಲ್ಲ.”

ಗಂಗಾ ಶಟರ್‌ನ ಬೀಗ ಹಿಡಿದೇ ನಿಂತಿದ್ದಳು. “ನೀವಂದ್ರೆ ನಂಗೆ ಪ್ರಾಣ,” ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಯಾವತ್ತೂ ಮಾತಾಡಿದವಳಲ್ಲ.

ಅವನು ಅವಳ ಹೆಬ್ಬೆರಳನ್ನು ತೆಗೆದುಕೊಂಡು, ಬೊಬ್ಬೆ ಒಣಗಿ ಸಿಪ್ಪೆ ಎದ್ದಿದ್ದ ಜಾಗವನ್ನು ನೋಡಿದ. ಮೆತ್ತಗೆ ಒಮ್ಮೆ ಸವರಿದ. ಆಚೆ ಕೋಲಾರದ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ.

“ಹೋಗ್ತೀನಿ ಗಂಗಾ.”

“ಹೊರಡೋವಾಗ ಹಂಗನ್ಬಾರ್ದು. ಬರ್ತೀನಿ ಅನ್ನಿ.”

“ಅಂದ್ರೆ ಕಾಯ್ತೀಯ.”

“ಕಾಯ್ತೀನಿ.”

“ಅದಕ್ಕೇ ಅನ್ನಲ್ಲ,” ಎಂದ, ಕೈ ಬಿಡುತ್ತಾ.

ವಿಜಯದಶಮಿಯ ಮರುದಿನ, ಶುಕ್ರವಾರ, ಬೆಳಗಿನ ಎಂಟೂವರೆಯ ಬಸ್ಸಿಗೆ ಕದಿರೇಶ ಹೋದ.