ಸ್ಪೇನಿನಲ್ಲೊಂದು ಹೆಣ್ಣು ನೋಡುವ ಶಾಸ್ತ್ರ

"ಗೋಡೆಗೆ ಒರಗಬೇಡಿ. ಸುಣ್ಣ ಇನ್ನೂ ಹಸಿ ಇದೆ."

ಮಾಳವಿಕಾ ಬೆಚ್ಚಿ ತಿರುಗಿದಳು. ಸ್ಪೇನ್ ದೇಶದ ಯಾವುದೋ ಗುಡ್ಡ, ಅದರ ತುಂಬಾ ಬಿಳಿ ಬಿಳಿ ಮನೆಗಳು, ಕಾರು ನುಗ್ಗದ ಓಣಿ... ಇಲ್ಲಿ ಕನ್ನಡ ಮಾತಾಡುವವನು ಯಾರಪ್ಪ ಇವನು?

"ನಾನು ಋಷಿ. ಅಮೆರಿಕದ ನೇಪರ್‌ವಿಲ್‌ನಿಂದ ಬಂದಿದೀವಿ, ಅಪ್ಪ ಅಮ್ಮನ ಜೊತೆ. ನೀವು?"

"ನಾವೂ ಅಮೆರಿಕಾನೇ, ಫಾರ್ಮಿಂಗ್ಟನ್ ಹಿಲ್ಸ್. ನಾನು ಕನ್ನಡದವಳು ಅಂತ ಹೇಗೆ ಗೊತ್ತಾಯ್ತು?"

"ಗೆಸ್ ಮಾಡಿದೆ."

ಗೆಸ್ಸಂತೆ! ಅವನ ಕಿವಿ ಕೆಂಪಾದದ್ದು ಅವಳ ಕಣ್ಣಿಗೆ ಬೀಳದಿರಲಿಲ್ಲ.

ಅನುಮಾನಕ್ಕೆ ಬೇರೆ ಕಾರಣಗಳೂ ಇದ್ದವು. ಪ್ರವಾಸಕ್ಕೆ ಜೀನ್ಸ್ ಸಾಕು ಎನ್ನುತ್ತಿದ್ದ ಅಮ್ಮ ವಸುಧಾ ಈ ಸಲ ಮಗಳಿಗೆಂದು ರೇಷ್ಮೆ ಸೀರೆ ತುಂಬಿಕೊಂಡು ಬಂದಿದ್ದಳು. ಜೊತೆಗೆ ಚಿರೋಟಿ ರವೆ, ತುಪ್ಪ. "ಸ್ಪೇನಿಗೆ ರವೆ ಯಾಕಮ್ಮಾ?" ಎಂದರೆ, "ನಿಮ್ಮಪ್ಪಂಗೆ ಬ್ರೆಡ್ ಆಗಲ್ಲ" ಎಂಬ ಉತ್ತರ.

ಹಿಂದೊಮ್ಮೆ ಒಬ್ಬ ಹುಡುಗನ ಮನೆಯವರು ಬಂದು, ತಿಂದು, ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದು ಎದ್ದು ಹೋಗಿದ್ದರು. ಇನ್ನು ಯಾರ ಮುಂದೆಯೂ ಹಾಗೆ ಕೂರುವುದಿಲ್ಲ ಎಂದು ಅಂದೇ ಅವಳು ಹಟ ಹಿಡಿದಿದ್ದಳು.

ಆದರೂ ದಿನವೂ ಋಷಿಯ ಜೊತೆ ಓಣಿ ಓಣಿ ಅಲೆದಳು. ಹಾಳು ಮನಸ್ಸು, ಹೇಳಿದ್ದು ಕೇಳಿದರೆ ತಾನೆ? ಮನೆಯಲ್ಲಿ ಯಾರಿಗೂ ಹೇಳದ ಗುಟ್ಟನ್ನೂ ಅವನಿಗೆ ಹೇಳಿಬಿಟ್ಟಳು. ಅವಳು ಪಕ್ಕದೂರು ವಿಕ್ಸಮ್‌ನಲ್ಲಿದ್ದ ಎಂಜಿನಿಯರ್ ಕೆಲಸ ಬಿಟ್ಟಿದ್ದಳು. ಶಾಲೆಯಲ್ಲಿ ಟೀಚರ್ ಆಗಲು ಓದುತ್ತಿದ್ದಳು.

ಒಂದು ಬೆಳಿಗ್ಗೆ ಬಾಡಿಗೆ ಮನೆಯ ಮೆಟ್ಟಿಲು ಹತ್ತುವಾಗಲೇ ಘಮ ಮೂಗಿಗೆ ಬಡಿಯಿತು. ಉಪ್ಪಿಟ್ಟು, ಕೇಸರಿಬಾತ್... ಎರಡೂ ಒಟ್ಟಿಗೆ! ಒಳಗೆ ಮಂಚದ ಮೇಲೆ ರೇಷ್ಮೆ ಸೀರೆ ಕಾಯುತ್ತಿತ್ತು.

ಅವಳು ಓಣಿಗೆ ಓಡಿದಳು. ಋಷಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬರುತ್ತಿದ್ದ.

"ನಿಂಗೆ ಇದೆಲ್ಲ ಗೊತ್ತಿತ್ತಾ?"

"ಗೊತ್ತಿತ್ತು. ನಿನ್ನ ಫೋಟೋ ನೋಡಿ ಒಪ್ಪಿಕೊಂಡೇ ಬಂದೆ. ಮೊದಲ ದಿನವೇ ಹೇಳ್ಬೇಕಿತ್ತು... ಹೇಳಿದ್ರೆ ನೀನು ಮಾತೇ ಆಡಲ್ಲ ಅಂತ ಹೆದರಿದೆ."

"ಇಷ್ಟು ದಿನ ನನ್ನ ಮಾತಾಡ್ಸಿ ನಿಮ್ಮಮ್ಮಂಗೆ ರಿಪೋರ್ಟ್ ಕೊಡ್ತಿದ್ಯಾ?"

"ಒಂದು ಮಾತೂ ಹೇಳಿಲ್ಲ."

ನಂಬುವುದು ಹೇಗೆ? ಸುಳ್ಳಿನಿಂದಲೇ ಶುರುಮಾಡಿದವನಲ್ಲವೇ? ಅವಳಿಗೆ ಅಳು ಒತ್ತಿ ಬಂತು.

ಮನೆಗೆ ಬಂದವರೆದುರು ಅಮ್ಮನ ಮರ್ಯಾದೆ ಕಳೆಯಬಾರದೆಂದು, ಸೀರೆ ಮುಟ್ಟದೆ, ಜೀನ್ಸ್‌ನಲ್ಲೇ ಹೋಗಿ ಕುಳಿತಳು. ಋಷಿಯ ತಾಯಿ ಸರಳಾ ಅಕ್ಕರೆಯಿಂದ ನಕ್ಕರು.

"ವಿಕ್ಸಮ್‌ನಲ್ಲಿ ಕೆಲಸ ಹೇಗೆ ನಡೀತಿದೆಯಮ್ಮ? ಎಂಜಿನಿಯರ್ ಸೊಸೇನೇ ಬೇಕು ಅಂತ ನಂಗೆ ಮೊದಲಿಂದ ಆಸೆ."

ಮಾಳವಿಕಾ ತಲೆಯೆತ್ತಿ ಋಷಿಯನ್ನು ನೋಡಿದಳು. ಅಂದರೆ... ಅವನು ನಿಜವಾಗಿಯೂ ಹೇಳಿಲ್ಲ. ಬೇಕಾದರೆ ಈಗ ಅವಳೂ ಸುಮ್ಮನಿರಬಹುದಿತ್ತು.

"ಆ ಕೆಲಸ ಬಿಟ್ಟೆ ಆಂಟಿ. ಟೀಚರ್ ಆಗೋಕೆ ಓದ್ತಿದೀನಿ."

ವಸುಧಾ ಸೌಟು ಹಿಡಿದು ನಿಂತಲ್ಲೇ ನಿಂತಳು. ಸರಳಾ ಮಗನ ಮುಖ ನೋಡಿದರು. ಮಾಳವಿಕಾ ಎದ್ದು ತಾರಸಿಗೆ ಹೋದಳು. ಋಷಿ ಹಿಂದೆಯೇ ಬಂದ.

"ನಾನು ಕೆಲಸ ಬಿಟ್ಟಿದ್ದು ಗೊತ್ತಿದ್ದೂ ನಿಮ್ಮಮ್ಮಂಗೆ ಯಾಕೆ ಹೇಳ್ಲಿಲ್ಲ?"

"ನೀನು ಹೇಳಿದ್ದು ನಂಗೆ. ಅವರಿಗಲ್ಲ."

ಅವಳ ಕಣ್ಣು ತುಂಬಿ ಬಂತು. ಇವನನ್ನು ಪ್ರೀತಿಸುತ್ತಿದ್ದೇನೆ ಎಂಬುದು ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

"ಇನ್ನೇನಾದ್ರೂ ಮುಚ್ಚಿಟ್ಟಿದೀಯಾ?"

"ಒಂದಿದೆ. ನೀನಂದ್ರೆ ನಂಗೆ ತುಂಬಾ ಇಷ್ಟ."

"ನನ್ನ ಇಷ್ಟ ಏನು ಅಂತ ಯಾರೂ ಕೇಳಲೇ ಇಲ್ಲ."

"ಕೇಳ್ಲಾ?"

"ಇಲ್ಲಿ ಬೇಡ. ಊರಿಗೆ ಹೋದ್ಮೇಲೆ ನಮ್ಮನೆಗೆ ಬಂದು ಕೇಳು. ಒಬ್ನೇ ಬಾ."

"ಐದು ಗಂಟೆ ಡ್ರೈವ್... ಶನಿವಾರ ಬರ್ಲಾ?"

ಅವಳು ಕಣ್ಣೊರೆಸಿಕೊಂಡಳು.

"ಶುಕ್ರವಾರನೇ ಬಾ."