ಎರಡು ಸಲ ಹೇಳಿದ ತಪ್ಪು

"ಎಡಗಡೆ ನಿಂತು ಮಾತಾಡಬೇಡಿ... ಆ ಕಿವಿ ಕೇಳಿಸಲ್ಲ."

ಬಾನೆಟ್ಟಿನೊಳಗೆ ತಲೆ ಹುದುಗಿಸಿದ್ದ ಮೆಕ್ಯಾನಿಕ್, ಪಕ್ಕದಲ್ಲಿ ಬಿದ್ದ ನೆರಳನ್ನು ಕಂಡು ಹೇಳಿದ. ಸದ್ದು ತಡೆಯುವ ಫೆಲ್ಟ್ ಬಟ್ಟೆಯ ಸುರುಳಿ ಹಿಡಿದು ನಿಂತಿದ್ದ ಅವಳು ಆ ದನಿಯನ್ನು ಗುರುತಿಸಿದಳು.

ಅವನು!

ಮೂರು ವರ್ಷದಿಂದ ಯಾರ ಕಣ್ಣು ತಪ್ಪಿಸಿ ಓಡಾಡಿದ್ದಳೋ ಅವನೇ, ಚಿಕ್ಕಪ್ಪನ ಅಂಗಳದಲ್ಲಿ!

ಅವನು ತಿರುಗಿದ. ಸ್ಪ್ಯಾನರ್ ಹಿಡಿದ ಕೈ ಅಲ್ಲೇ ನಿಂತಿತು.

"ನೀನಾ..."

ಅಷ್ಟರಲ್ಲಿ ಚಿಕ್ಕಪ್ಪ ಬಂದರು. "ಸೀಟು ಹೊಲಿಯೋಕೆ ನಮ್ಮ ಹುಡುಗಿಗಿಂತ ಬೇರೆಯವರು ಬೇಕಾ! ಇಬ್ಬರೂ ಸೇರಿ ಈ ಮುದಿ ಕಾರಿನ ಸದ್ದು ಅಡಗಿಸ್ರಪ್ಪಾ. ನಾನು ಮೂರು ಬೀದಿ ಆಚೆ ಇರುವಾಗ್ಲೇ ಸದ್ದು ಕೇಳಿ ನಿನ್ನ ಚಿಕ್ಕಮ್ಮ ಊಟದ ತಟ್ಟೆ ಹಾಕ್ತಾಳೆ!"

ಇಬ್ಬರೂ ನಗಲಿಲ್ಲ.

ಮೂರು ವರ್ಷದ ಹಿಂದೆ ಇಬ್ಬರೂ ಒಂದೇ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದರು. ಮನೆಯವರಿಗೆ ತಿಳಿಸದೆ ತಮ್ಮಲ್ಲೇ ಮದುವೆಯ ಮಾತೂ ಆಡಿಕೊಂಡಿದ್ದರು. ಒಂದು ಮಧ್ಯಾಹ್ನ ಅವನು ಸೈಲೆನ್ಸರ್ ಬಿಚ್ಚಿ, ಬೋಳಾದ ಹೊಗೆ ಕೊಳವೆಯ ಬಳಿ ಬಗ್ಗಿ, "ಈಗ್ಲೇ ಕೀ ತಿರುಗಿಸ್ಬೇಡ" ಎಂದಿದ್ದ. ಅವಳು ತಮಾಷೆಗೆಂದು ತಿರುಗಿಸಿಬಿಟ್ಟಳು. ಅವನ ಎಡಗಿವಿಯ ಪಕ್ಕದಲ್ಲೇ ಕೊಳವೆ ಢಮ್ಮೆಂದು ಸಿಡಿಯಿತು. ಯಜಮಾನರು ಗದರಿದಾಗ, "ಅವನೇ ತಿರುಗಿಸು ಅಂದ" ಎಂದುಬಿಟ್ಟಳು.

ಅವನಿಗೆ ಕಿವಿಯೂ ಹೋಯಿತು, ಕೆಲಸವೂ ಹೋಯಿತು. ಅವಳು ಆಸ್ಪತ್ರೆಯ ಮೆಟ್ಟಿಲವರೆಗೆ ಹೋಗಿ ಹಿಂದಿರುಗಿದ್ದಳು.

ನಾಲ್ಕು ದಿನ ಕೆಲಸ ನಡೆಯಿತು. ಅವನು ಎಂಜಿನ್ ಕೆಳಗಿನ ಸವೆದ ರಬ್ಬರು ಬದಲಿಸಿದ, ಸೈಲೆನ್ಸರಿನ ಬಿರುಕು ಬೆಸೆದ. ಅವಳು ನೆಲಕ್ಕೂ ಎಂಜಿನ್ ಹಿಂದಿನ ತಗಡಿಗೂ ಫೆಲ್ಟ್ ಹೊದಿಸಿದಳು. ಕತ್ತರಿ ಕೊಡು, ಹಿಡ್ಕೋ... ಅಷ್ಟೇ ಮಾತು.

ಐದನೆಯ ದಿನ ಕಾರು ಓಡಿಸಿ ನೋಡಲು ಹೊರಟರು.

"ಇನ್ನೂ ಎಲ್ಲೋ ಗುಂಯ್ ಅಂತಿದೆ," ಅವನು ಗೊಣಗಿದ. "ಒಂದೇ ಕಿವೀಲಿ ಸದ್ದು ಕೇಳುತ್ತೆ, ಯಾವ ಕಡೆಯಿಂದ ಅಂತ ತಿಳಿಯಲ್ಲ. ನೀನೇ ಹೇಳು."

ಅವಳು ಕಿವಿಯಿಟ್ಟು ಆಲಿಸಿದಳು. ಬಗ್ಗಿ ತಡಕಿದಳು. ಎಂಜಿನ್ ಕಡೆಯಿಂದ ವೈರುಗಳು ಒಳಬರುವ ತೂತು! ಫೆಲ್ಟ್ ತುಂಡು ತುರುಕಿದಳು. ಸದ್ದು ಉಡುಗಿತು.

ಇನ್ನು ತಡೆಯಲಾಗಲಿಲ್ಲ.

"ಅವತ್ತು ನಾನು ಸುಳ್ಳು ಹೇಳಿದೆ..." ಎಂದು ಪಿಸುಗುಟ್ಟಿದಳು.

ಅವನು ರಸ್ತೆ ನೋಡುತ್ತಲೇ ಇದ್ದ. ಕೇಳಿಸಿರಲಿಲ್ಲ! ಅವಳು ಕೂತಿದ್ದು ಅವನ ಎಡಕ್ಕೆ.

'ಹೇಳಿದ್ದಾಯಿತಲ್ಲ, ಬಿಟ್ಟುಬಿಡು' ಎಂದಿತು ಹೇಡಿ ಮನಸ್ಸು.

"ನಿಲ್ಸು!" ಎಂದು ಕಿರುಚಿದಳು.

ಗಕ್ಕನೆ ಬ್ರೇಕು ಹಾಕಿ ತಿರುಗಿದ.

"ನೀನು ಬೇಡ ಅಂದಿದ್ದೆ! ನಾನೇ ತಿರುಗಿಸ್ದೆ. ತಪ್ಪನ್ನ ನಿನ್ನ ತಲೆಗೆ ಕಟ್ಟಿ ಓಡಿಹೋದೆ..."

"ಅದು ನನಗೆ ಗೊತ್ತಿಲ್ವಾ?" ಅವನು ಎಂಜಿನ್ ಆರಿಸಿದ. "ಹನ್ನೊಂದು ದಿನ ವಾರ್ಡಿನ ಬಾಗಿಲು ನೋಡ್ತಾ ಮಲಗಿದ್ದೆ. ಕಿವುಡ ಬೇಡ ಅಂತ ಬಿಟ್ಟುಹೋದ್ಲು ಅಂದ್ಕೊಂಡೆ."

"ಅಯ್ಯೋ, ಇಲ್ಲ! ಮುಖ ತೋರಿಸೋ ಧೈರ್ಯ ಬರ್ಲಿಲ್ಲ ಕಣೋ... ನಿಜ ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?"

"ಯಜಮಾನ್ರ ಮುಂದೆ ಎಲೆ ಥರ ನಡುಗ್ತಿದ್ದೆ ನೀನು. ಆಗ ಹೇಗೆ ಹೇಳ್ಲಿ?"

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಹಳೇ ಗ್ಯಾರೇಜಿಗೆ ನಡಿ. ಎಲ್ಲರ ಮುಂದೆ ಯಜಮಾನ್ರಿಗೆ ಹೇಳ್ತೀನಿ," ಎಂದಳು.

ಗ್ಯಾರೇಜಿನ ಗೇಟಿನ ಮುಂದೆ ಅವನು ಮೆಲ್ಲಗೆ ಅವಳ ಕೈ ಹಿಡಿದ.

"ನಾನೂ ಬರ್ಲಾ?"

"ಬೇಡ. ನಾನೊಬ್ಬಳೇ ಹೇಳ್ಬೇಕು. ತುಂಬಾ ಬೈತಾರೆ, ಅಲ್ವಾ?"

"ಬೈತಾರೆ. ಬೈಸ್ಕೊಂಡು ಬಾ. ಆಮೇಲೆ ಮನೆಗೆ ಹೋಗೋಣ."

"ಯಾರ ಮನೆಗೆ?"

ಮೂರು ವರ್ಷದ ಮೇಲೆ ಅವನು ನಕ್ಕ.

"ಮೊದಲು ಬೈಸ್ಕೊಂಡು ಬಾರೇ!"