ನಿದ್ದೆ ನುಂಗಿದ ಮೀನು

ಎಷ್ಟೋ ಕಾಲದ ಹಿಂದೆ, ನದಿ ಬಂದು ಕಡಲು ಸೇರುವ ಅಳಿವೆಯ ದಡದಲ್ಲಿ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಯಾರಿಗೂ ನಿದ್ದೆ ಇರಲಿಲ್ಲ.

ಮೊದಲು ಇತ್ತು. ಮಾಂತ್ರಿಕನೊಬ್ಬ ಬಂದು ರಾಜನಿಗೆ, "ಪ್ರಭು, ನಿಮ್ಮ ಪ್ರಜೆಗಳು ಅರ್ಧ ಆಯುಷ್ಯ ಮಲಗಿಯೇ ಕಳೀತಾರೆ. ಆ ನಿದ್ದೆ ನನಗೆ ಕೊಡಿ, ನಿಮ್ಮ ಮಗ್ಗಗಳು ಹಗಲೂ ರಾತ್ರಿ ಓಡಲಿ" ಅಂದ. ರಾಜನಿಗೆ ವ್ಯಾಪಾರ ಲಾಭದ್ದು ಅನಿಸಿತು. ಮಾಂತ್ರಿಕ ಊರಿನ ನಿದ್ದೆಯನ್ನೆಲ್ಲ ಉಂಡೆ ಕಟ್ಟಿ ಅಳಿವೆಯ ದೊಡ್ಡ ಮೀನಿಗೆ ನುಂಗಿಸಿದ. ಕೆಲವು ದಿನ ಮಗ್ಗ ಓಡಿದ್ದೂ ನಿಜ. ಆಮೇಲೆ ನೇಕಾರರು ಸೆರಗನ್ನು ಸೀರೆಯ ನಡುವೆ ನೇಯ್ದರು, ಅಡುಗೆಯವರು ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದರು, ಮಂತ್ರಿ ಕಂಬಕ್ಕೆ ಕೈಮುಗಿದ. ಜನ ದಣಿದಷ್ಟೂ ಮಾಂತ್ರಿಕನ ಬಲ ಏರಿತು.

ಆ ಊರಲ್ಲಿ ದುಗ್ಗಪ್ಪ ಎಂಬ ಬಳೆಗಾರನಿದ್ದ. ಅವನ ತೊಟ್ಟಿಲ ಕೂಸಿಗೆ ಅತ್ತೂ ಅತ್ತೂ ಈಗ ದನಿಯೇ ಹೊರಡುತ್ತಿರಲಿಲ್ಲ. ಬರೀ ಬಾಯಿ ತೆರೆಯುತ್ತಿತ್ತು. ಬರುವ ಅಮಾವಾಸ್ಯೆ ದಾಟುವುದು ಕಷ್ಟ ಎಂದಿದ್ದ ಪಂಡಿತ.

"ಹೋಗಿ ಆ ಮೀನು ಹಿಡ್ಕೊಂಡು ಬಾ" ಅಂದಳು ಹೆಂಡತಿ ಮಂಜಕ್ಕ.

"ನಾನು ಹುಟ್ಟಿದಾಗಿಂದ ಗಾಳ ಮುಟ್ಟಿಲ್ಲ ಕಣೇ."

"ಮುಟ್ಟಿದೋರೆಲ್ಲ ಕೊಕ್ಕರೆ ಆಗಿ ನಿಂತಿದಾರೆ. ನೀನೂ ಒಂದು ಕೈ ನೋಡು."

ಅವಳ ಮಾತು ಸುಳ್ಳಲ್ಲ. ಮಂತ್ರದ ಆ ನೀರಿಗೆ ಗಾಳಕ್ಕೆ ಸಿಕ್ಕಿಸಿ ಎರೆಹುಳ ಇಳಿಸಿದರೂ, ಜೀವಂತ ಸಿಗಡಿ ಇಳಿಸಿದರೂ ಕಲ್ಲಾಗುತ್ತಿತ್ತು. ಮರ, ತಗಡು, ಗರಿಗಳಲ್ಲಿ ಮಾಡಿದ ಹುಸಿ ಎರೆಯೇ ಗತಿ. ಅಂಥವು ತುಂಬಿದ ಪೆಟ್ಟಿಗೆ ಇಟ್ಟುಕೊಂಡು ದಡದಲ್ಲಿ ಮಾಂತ್ರಿಕನೇ ಕೂತಿದ್ದ. ಮೂರು ಸಲ ಆರಿಸಬಹುದು. ಮೂರನೆಯದೂ ತಪ್ಪಿದರೆ ಕೊಕ್ಕರೆ.

"ಬಾರಯ್ಯ ಬಳೆಗಾರ, ಸರಕು ನೋಡು" ಎಂದು ಮಾಂತ್ರಿಕ ನಕ್ಕ.

ಬೆಳಗಿನ ನೀರು ಗಾಜಿನಂತಿತ್ತು. ದುಗ್ಗಪ್ಪ ಪೆಟ್ಟಿಗೆಯಿಂದ ಅಂಗೈಯಗಲದ ಹೊಳೆಯುವ ಚಿನ್ನದ ಮೀನನ್ನು ಆರಿಸಿದ. ಯಾರಿಗೆ ತಾನೆ ಅದು ಬೇಡ? ಎಸೆದ. ಅದು ದೊಪ್ಪೆಂದು ಬಿತ್ತು. ತಿಳಿನೀರಲ್ಲಿ ಆ ಸದ್ದಿಗೆ, ಆ ಮಿರುಗಿಗೆ ಬೆದರಿ ದೊಡ್ಡ ಮೀನು ಬಾಲ ತೋರಿಸಿತು.

"ನಾನೂ ಅದನ್ನೇ ಆರಿಸಿದ್ದೆ" ಅಂದಿತು ಪಕ್ಕದ ಕೊಕ್ಕರೆ, ಹಿಂದೆ ಯಾವುದೋ ದೇಶದ ರಾಜಕುಮಾರ. "ಇಲ್ಲೇ ನನ್ನ ಪಕ್ಕ ಜಾಗ ಇದೆ. ಸ್ವಲ್ಪ ಒತ್ತಿ ನಿಂತರಾಯ್ತು."

ಮಧ್ಯಾಹ್ನ ಕಡಲು ಉಕ್ಕಿ ಬಂದು ತಳದ ಕೆಸರೆಲ್ಲ ಕದಡಿತು. ಬೆಳಗಿನ ಪಾಠ ನೆನಪಿಟ್ಟ ದುಗ್ಗಪ್ಪ, ಮರಳಿನ ಬಣ್ಣದ ಹಗುರ ಸಿಗಡಿಯನ್ನು ಆರಿಸಿ ಮೆಲ್ಲಗೆ ಎಸೆದ. ಅದು ಕೆಸರುನೀರಿನ ಮೇಲೆ ತೇಲುತ್ತ ಹೋಯಿತು. ಕೆಳಗಿದ್ದ ಮೀನಿಗೆ ಅದು ಕಾಣಲೇ ಇಲ್ಲ.

"ಇನ್ನೊಂದೇ ಇರೋದು" ಎಂದು ಮಾಂತ್ರಿಕ ಪೆಟ್ಟಿಗೆ ಮುಂದಕ್ಕೆ ತಳ್ಳಿದ. "ಬೇಗ ಆರಿಸು."

"ಮುಚ್ಚಿಡು ಅದನ್ನ" ಅಂದ ದುಗ್ಗಪ್ಪ.

ಅವನಿಗೆ ತನ್ನ ಮೇಲೇ ಬೇಸರ ಬಂದಿತ್ತು. ಬಳೆ ತೊಡಿಸುವಾಗ ಅವನು ಮೊದಲು ಹೆಂಗಸಿನ ಕೈ ಹಿಡಿದು ಗೆಣ್ಣು ಒತ್ತಿ ನೋಡಿ, ಆಮೇಲೆ ಬಳೆಯ ಮಲಾರ ಬಿಚ್ಚುವವನು. ಇಲ್ಲಿ ಕೈಯನ್ನೇ ನೋಡದೆ ಮಲಾರಕ್ಕೆ ಕಣ್ಣು ಹಾಕಿದ್ದ. ಮೊದಲ ಸಲ ತನಗೆ ಚಂದ ಕಂಡದ್ದನ್ನು ಆರಿಸಿದ. ಎರಡನೇ ಸಲ ಬೆಳಗಿನ ಗಿರಾಕಿಯ ಅಳತೆಯನ್ನು ಮಧ್ಯಾಹ್ನದವಳಿಗೆ ತೊಡಿಸಲು ಹೋದ.

ಸುಮ್ಮನೆ ಕೂತು ನೀರು ನೋಡಿದ. ಸಂಜೆಗೆ ಇಳಿತ ಶುರುವಾಯಿತು. ಕಿರುತೋಡಿನಿಂದ ಹೆಬ್ಬೆರಳುದ್ದದ ಸಿಗಡಿಗಳು ನೀರಿನ ಜೊತೆ ಕೊಚ್ಚಿ ಬರುತ್ತಿದ್ದವು. ತೋಡು ಆಳಕ್ಕೆ ಬೀಳುವ ಕಡೆ ಆಗಾಗ ನೀರು ಸುಳಿಯುತ್ತಿತ್ತು, ದೊಡ್ಡ ಮೀನು ಅಲ್ಲೇ ಬಾಯಿ ತೆರೆದು ಕಾದಿತ್ತು. ನೀರು ಇನ್ನೂ ಕೆಂಪು ಕೆಸರು.

"ಈಗ ತೆಗಿ. ಆ ಕಪ್ಪು ಸಿಗಡಿ ಕೊಡು, ಹೆಬ್ಬೆರಳುದ್ದದ್ದು. ತಲೆಗೆ ಸೀಸ ಕಟ್ಟಿರೋದು."

"ಅದು ನೋಡೋಕೆ ಚೆನ್ನಾಗಿಲ್ಲವಲ್ಲಯ್ಯ" ಅಂದ ಮಾಂತ್ರಿಕ. ಅವನ ನಗು ಮಾಯವಾಗಿತ್ತು.

"ತಿನ್ನೋದು ನಾನಲ್ಲ."

ಕೆಸರಲ್ಲಿ ಕಪ್ಪು ನೆರಳಾಗಿಯಾದರೂ ಕಾಣುತ್ತದೆ, ಸೀಸ ತಳಕ್ಕೆ ಒಯ್ಯುತ್ತದೆ. ಹರಿವಿನ ಮೇಲ್ಗಡೆ ಎಸೆದು ಮೆಲ್ಲಗೆ ಜಗ್ಗಿದ. ಸಿಗಡಿ ಕುಪ್ಪಳಿಸಿತು. ಮತ್ತೆ ಜಗ್ಗಿದ. ನಿದ್ದೆಗೆಟ್ಟ ತೋಳು ಮುಂದೆ ಏಳಲಿಲ್ಲ, ಜೋತು ಬಿತ್ತು. ದಾರ ಸಡಿಲವಾಗಿ ಹುಸಿ ಸಿಗಡಿ ದಣಿದ ಜೀವದಂತೆ ತಳಕ್ಕಿಳಿಯಿತು. ಹಾಗೆ ಇಳಿಯುವಾಗಲೇ ಮೀನು ಅದನ್ನು ನುಂಗಿತು.

ಮೊಣಕಾಲೂರಿ ಎಳೆದ. ದಡಕ್ಕೆ ಬಂದ ಮೀನು ಬಾಯಿ ತೆರೆಯಿತು. ಒಳಗಿಂದ ಊರಿನ ನಿದ್ದೆಯೆಲ್ಲ ಬೂದು ಮಂಜಾಗಿ ಹೊರಬಂತು. ಮೊದಲು ಸಿಕ್ಕಿದ್ದು ಮಾಂತ್ರಿಕನೇ. ಆಕಳಿಸಿದ, ಪೆಟ್ಟಿಗೆಯ ಮೇಲೆ ಒರಗಿದ, ಒರಗಿದಲ್ಲೇ ಉಪ್ಪಾಗಿ ಇಳಿತದ ನೀರಲ್ಲಿ ಕರಗಿ ಹೋದ. ಕೊಕ್ಕರೆಗಳು ಮತ್ತೆ ಮನುಷ್ಯರಾಗಿ ಕೆಸರಲ್ಲೇ ಗೊರಕೆ ಹೊಡೆದರು. ಹಗುರಾದ ಮೀನು ನೀರಿಗೆ ಜಾರಿತು.

ದುಗ್ಗಪ್ಪ ಕಣ್ಣು ಎಳೆಯುತ್ತಿದ್ದರೂ ಮಂಜಿಗಿಂತ ಮುಂದೆ ಮನೆ ಸೇರಲು ನೋಡಿದ, ಆಗಲಿಲ್ಲ. ಬೀದಿಯುದ್ದಕ್ಕೂ ಜನ ಮಲಗಿಬಿಟ್ಟಿದ್ದರು. ಅರಮನೆಯ ಮೆಟ್ಟಿಲ ಮೇಲೆ ರಾಜ ಕಿರೀಟವನ್ನೇ ತಲೆದಿಂಬು ಮಾಡಿಕೊಂಡಿದ್ದ. ಮನೆಯಲ್ಲಿ ಮಂಜಕ್ಕ ತೊಟ್ಟಿಲ ಹಗ್ಗ ಹಿಡಿದೇ ನಿದ್ದೆ ಹೋಗಿದ್ದಳು. ಕೂಸು ಕದಲಲಿಲ್ಲ. ದುಗ್ಗಪ್ಪ ಬೆರಳನ್ನು ಅದರ ಮೂಗಿನ ಬಳಿ ಹಿಡಿದ. ಬಿಸಿಯುಸಿರು ತಾಗಿತು. ಅಲ್ಲೇ ನೆಲದ ಮೇಲೆ ಉರುಳಿಕೊಂಡ.

ಎಷ್ಟೋ ದಿನ ಆ ರಾಜ್ಯದಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ. ಎದ್ದ ಮೇಲೆ ಎಲ್ಲರೂ ಹೊಟ್ಟೆ ತುಂಬ ಉಂಡರು, ಮತ್ತೆ ಮಲಗಿದರು, ಬಹುಕಾಲ ಸುಖವಾಗಿ ಬಾಳಿದರು.